ಸ್ನಾನಗೃಹದಲ್ಲಿ ಬಿರುಕು ಬಿಟ್ಟ ಬಣ್ಣದ ದುರಸ್ತಿ ಮತ್ತು ಮರುಲೇಪನ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಸ್ನಾನಗೃಹದ ಗೋಡೆ ಹಾಗೂ ಛಾವಣಿಯ ಬಣ್ಣವು ಬಿರುಕು ಬಿಡುವುದು, ಹಪ್ಪಳದಂತೆ ಉಬ್ಬುವುದು ಮತ್ತು ಪದರ ಪದರವಾಗಿ ಉದುರುವುದು ಮನೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ತೊಂದರೆಯಾಗಿದೆ. ಇಂತಹ ಸಂದರ್ಭಗಳಲ್ಲಿ ಹಳೆಯ ಬಣ್ಣದ ಮೇಲೆಯೇ ಹೊಸ ಬಣ್ಣ ಬಳಿಸಿ ಕೆಲಸ ಮುಗಿಯಿತೆಂದು ಭಾವಿಸುವುದು ವಾಡಿಕೆ. ಆದರೆ ಬಣ್ಣದ ಹಿಂದಿರುವ ತೇವ ಹಾಗೆಯೇ ಉಳಿದಲ್ಲಿ, ಎಷ್ಟೇ ಬೆಲೆಬಾಳುವ ಬಣ್ಣ ಬಳಸಿದರೂ ಅದೇ ಜಾಗ ಮತ್ತೆ ಉದುರುತ್ತದೆ ಹಾಗೂ ಮಾಡಿದ ಖರ್ಚು ವ್ಯರ್ಥವಾಗುತ್ತದೆ.

ಆದುದರಿಂದ ಈ ಕೆಲಸವನ್ನು ಮೂರು ಹಂತಗಳಲ್ಲಿ ಕೈಗೊಳ್ಳತಕ್ಕದ್ದು: ಮೊದಲು ನೀರಿನ ಮೂಲವನ್ನು ನಿಲ್ಲಿಸುವುದು, ನಂತರ ಗೋಡೆಯನ್ನು ಒಣಗಿಸುವುದು, ಕೊನೆಯಲ್ಲಿ ಬಣ್ಣ ಬಳಿಯುವುದು. ಈ ಕ್ರಮ ತಪ್ಪಬಾರದು. ದುರಸ್ತಿಯ ವಿಧಾನ, ವಹಿಸಬೇಕಾದ ಸುರಕ್ಷತಾ ಕ್ರಮಗಳು ಮತ್ತು ದುರಸ್ತಿಗಾಗಿ ಯಾರಿಗೆ ಅರ್ಜಿ ಸಲ್ಲಿಸಬೇಕೆಂಬ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

2. ಬಣ್ಣ ಕೆಟ್ಟ ಬಗೆಯಿಂದ ಕಾರಣವನ್ನು ಗುರುತಿಸುವುದು

ಬಣ್ಣ ಯಾವ ರೀತಿ ಕೆಟ್ಟಿದೆ ಎಂಬುದನ್ನು ಗಮನವಿಟ್ಟು ನೋಡಿದಲ್ಲಿ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದಾಗಿದೆ.

ಅ) ಬಲೆಯಂತಹ ಸಣ್ಣ ಬಿರುಕುಗಳು: ಪುಟ್ಟಿ ಅಥವಾ ಬಣ್ಣವನ್ನು ದಪ್ಪವಾಗಿ ಬಳಿದಾಗ, ಇಲ್ಲವೆ ಕೆಳಗಿನ ಲೇಪ ಒಣಗುವ ಮುನ್ನವೇ ಮೇಲಿನ ಲೇಪ ಹಾಕಿದಾಗ ಇವು ಉಂಟಾಗುತ್ತವೆ.

ಆ) ದೊಡ್ಡ ಚಕ್ಕೆಗಳಾಗಿ ಸುಲಿಯುವುದು: ಸುಣ್ಣ ಅಥವಾ ಪುಡಿ ಡಿಸ್ಟೆಂಪರ್ ಬಳಿದ ಗೋಡೆಯನ್ನು ಕೆರೆಯದೆ ಅದರ ಮೇಲೆ ಎನಾಮಲ್ ಅಥವಾ ಎಮಲ್ಶನ್ ಬಣ್ಣ ಬಳಿದಲ್ಲಿ ಹೀಗಾಗುತ್ತದೆ. ಹೊಸ ಬಣ್ಣ ಗೋಡೆಯನ್ನು ಹಿಡಿಯದೆ ಕೆಳಗಿನ ಪುಡಿಯನ್ನು ಮಾತ್ರ ಹಿಡಿದಿರುತ್ತದೆ.

ಇ) ಗುಳ್ಳೆಗಳು: ಗೋಡೆಯೊಳಗಿನ ತೇವ ಹೊರಬರಲು ದಾರಿಯಿಲ್ಲದೆ ಬಣ್ಣದ ಪದರವನ್ನು ತಳ್ಳಿರುವುದರ ಸೂಚನೆ.

ಈ) ಬಿಳಿಯ ಉಪ್ಪಿನಂತಹ ಪುಡಿ: ನೀರು ಇಟ್ಟಿಗೆ ಹಾಗೂ ಗಾರೆಯಲ್ಲಿರುವ ಲವಣಗಳನ್ನು ಕರಗಿಸಿ ಮೇಲ್ಮೈಗೆ ತರುತ್ತದೆ. ನೀರು ಆವಿಯಾದಾಗ ಲವಣ ಅಲ್ಲಿಯೇ ಉಳಿದು ಬಣ್ಣವನ್ನು ಎಬ್ಬಿಸುತ್ತದೆ. ಇದು ಕಂಡುಬಂದಲ್ಲಿ ಗೋಡೆಯೊಳಗೆ ನೀರು ಹರಿದಿದೆ ಎಂದು ತಿಳಿಯತಕ್ಕದ್ದು.

ಉ) ಕಪ್ಪು ಅಥವಾ ಹಸಿರು ಚುಕ್ಕೆಗಳು: ಇವು ಬೂಷ್ಟು ಹಾಗೂ ಪಾಚಿ. ಬಿಸಿನೀರಿನ ಹಬೆ ಹೊರಹೋಗದೆ ಛಾವಣಿಯ ಮೂಲೆಗಳಲ್ಲಿ ಹನಿಗಟ್ಟುವ ಸ್ನಾನಗೃಹಗಳಲ್ಲಿ ಹೆಚ್ಚಾಗಿ ಕಂಡುಬರುತ್ತವೆ.

ಊ) ನೇರ ಗೆರೆಯಂತಹ ಬಿರುಕು: ತೊಲೆ ಮತ್ತು ಗೋಡೆ ಸೇರುವಲ್ಲಿ, ಅಥವಾ ಕೊಳವೆ ಹಾಯಿಸಲು ಗೋಡೆ ಕೊರೆದು ಮುಚ್ಚಿದ ಜಾಗದಲ್ಲಿ ಬರುತ್ತದೆ. ಇದು ಬಣ್ಣದ ದೋಷವಲ್ಲ, ಗಿಲಾವಿನ, ಅಂದರೆ ಗೋಡೆಗೆ ಮೆತ್ತಿದ ಗಾರೆಯ ದೋಷ.

ವಿಶೇಷ ಸೂಚನೆ: ಛಾವಣಿಯ ಕಾಂಕ್ರೀಟು ಉಬ್ಬಿದ್ದಲ್ಲಿ, ಬಿರುಕಿನಲ್ಲಿ ತುಕ್ಕಿನ ಕಂದು ಕಲೆ ಇದ್ದಲ್ಲಿ, ಕಬ್ಬಿಣದ ಸರಳು ಹೊರಗೆ ಕಾಣುತ್ತಿದ್ದಲ್ಲಿ, ಅಥವಾ ಗೋಡೆಯ ಬಿರುಕು ಓರೆಯಾಗಿ ಸಾಗುತ್ತಾ ದಿನೇ ದಿನೇ ಅಗಲವಾಗುತ್ತಿದ್ದಲ್ಲಿ ಬಣ್ಣದ ಕೆಲಸವನ್ನು ಆರಂಭಿಸಬಾರದು. ಸರಳಿಗೆ ತುಕ್ಕು ಹಿಡಿದಾಗ ಅದು ಹಿಗ್ಗಿ ಕಾಂಕ್ರೀಟನ್ನು ಒಡೆಯುತ್ತದೆ. ಚಕ್ಕೆಗಳು ತಲೆಯ ಮೇಲೆ ಬೀಳುವ ಅಪಾಯವಿರುತ್ತದೆ. ಇಂತಹ ಸ್ನಾನಗೃಹದ ಬಳಕೆಯನ್ನು ನಿಲ್ಲಿಸಿ ಸಿವಿಲ್ ಎಂಜಿನಿಯರ್ ಅವರಿಂದ ಪರಿಶೀಲನೆ ಮಾಡಿಸತಕ್ಕದ್ದು.

3. ನೀರಿನ ಮೂಲವನ್ನು ಪತ್ತೆ ಮಾಡುವ ಸರಳ ಪರೀಕ್ಷೆಗಳು

ಈ ಕೆಳಕಂಡ ಪರೀಕ್ಷೆಗಳನ್ನು ಮನೆಯವರೇ ಹೆಚ್ಚಿನ ಖರ್ಚಿಲ್ಲದೆ ಮಾಡಬಹುದಾಗಿದೆ.

ಅ) ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ: ಸಡಿಲವಾದ ಬಣ್ಣವನ್ನು ಕೆರೆದು, ಒಂದೂವರೆ ಅಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚುಗಳನ್ನು ಟೇಪಿನಿಂದ ಗಾಳಿಯಾಡದಂತೆ ಅಂಟಿಸಬೇಕು. 24 ಗಂಟೆಗಳ ನಂತರ ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆ ಹನಿಗಳಿದ್ದಲ್ಲಿ ತೇವ ಗೋಡೆಯೊಳಗಿನಿಂದ ಬರುತ್ತಿದೆ ಎಂದರ್ಥ. ಹೊರಬದಿಯಲ್ಲಿ ಮಾತ್ರ ಹನಿಗಳಿದ್ದಲ್ಲಿ ಅದು ಕೋಣೆಯ ಹಬೆ ತಣಿದು ಉಂಟಾದ ನೀರು.

ಆ) ನೀರಿನ ತೊಟ್ಟಿಯ ಪರೀಕ್ಷೆ: ರಾತ್ರಿ ಪಂಪ್ ಮತ್ತು ಎಲ್ಲಾ ನಲ್ಲಿಗಳನ್ನು ನಿಲ್ಲಿಸಿ, ತಾರಸಿಯ ಮೇಲಿನ ತೊಟ್ಟಿಯಲ್ಲಿ ನೀರಿನ ಮಟ್ಟವನ್ನು ಗುರುತು ಮಾಡಿಕೊಳ್ಳಬೇಕು. ಯಾರೂ ನೀರು ಬಳಸದಿದ್ದರೂ ಬೆಳಗ್ಗೆ ಮಟ್ಟ ಇಳಿದಿದ್ದಲ್ಲಿ ಕೊಳವೆ, ನಲ್ಲಿ ಅಥವಾ ಶೌಚಾಲಯದ ಫ್ಲಶ್ ತೊಟ್ಟಿಯಲ್ಲಿ ಸೋರಿಕೆ ಇರುತ್ತದೆ. ನೆಲದಡಿಯ ಸಂಪಿನಿಂದ ನೀರೇರಿಸುವ ಮನೆಗಳಲ್ಲಿ ಮೀಟರ್ ಮೂಲಕ ಬಂದ ನೀರು ಮೊದಲು ಸಂಪಿಗೆ ಸೇರುವುದರಿಂದ, ಒಳಗಿನ ಕೊಳವೆಯ ಸೋರಿಕೆಯು ಮೀಟರ್ ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ.

ಇ) ನೀರು ನಿಲ್ಲಿಸುವ ಪರೀಕ್ಷೆ: ಕೆಳಗಿನ ಮನೆಯ ಛಾವಣಿಯಲ್ಲಿ ತೇವವಿದ್ದಲ್ಲಿ, ಮೇಲಿನ ಸ್ನಾನಗೃಹದ ನೆಲದ ನಹಾನಿ ಟ್ರ್ಯಾಪನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ಒಂದು ಅಂಗುಲದಷ್ಟು ನೀರನ್ನು 24 ಗಂಟೆಗಳ ಕಾಲ ನಿಲ್ಲಿಸಬೇಕು. ಕೆಳಗಿನ ಛಾವಣಿಯ ತೇವ ಹೆಚ್ಚಾದಲ್ಲಿ ಟೈಲ್ಸ್ ಸಂದು ಅಥವಾ ನೆಲದ ಜಲನಿರೋಧಕ ಪದರ ಕೆಟ್ಟಿದೆ ಎಂದು ತಿಳಿಯಬಹುದು. ಹೆಚ್ಚಾಗದಿದ್ದಲ್ಲಿ ಟ್ರ್ಯಾಪ್ ಮತ್ತು ಕೊಳವೆ ಸೇರುವ ಜಾಗವನ್ನು ಪರಿಶೀಲಿಸಬೇಕು.

ಈ) ಹೊರಗೋಡೆಯ ಪರಿಶೀಲನೆ: ಮಳೆಗಾಲದಲ್ಲಿ ಮಾತ್ರ ತೇವ ಕಾಣಿಸಿಕೊಂಡು ಬೇಸಿಗೆಯಲ್ಲಿ ಮರೆಯಾಗುತ್ತಿದ್ದಲ್ಲಿ, ಹೊರಗೋಡೆಯ ಗಿಲಾವಿನ ಬಿರುಕು, ಕಿಟಕಿಯ ಸಜ್ಜ, ಮಳೆನೀರಿನ ಕೊಳವೆ ಹಾಗೂ ತಾರಸಿಯ ಅಂಚನ್ನು ಪರೀಕ್ಷಿಸತಕ್ಕದ್ದು.

ಹಬೆಯೇ ಕಾರಣವೆಂದು ಕಂಡುಬಂದಲ್ಲಿ, ಮುಚ್ಚಿರುವ ವೆಂಟಿಲೇಟರ್ ಅನ್ನು ತೆರೆಯುವುದು, ಗಾಳಿ ಹೊರಹಾಕುವ ಫ್ಯಾನ್ ಅಳವಡಿಸುವುದು ಹಾಗೂ ಸ್ನಾನದ ನಂತರ ಅರ್ಧ ಗಂಟೆಯಾದರೂ ಅದನ್ನು ಚಾಲನೆಯಲ್ಲಿಡುವುದು ಸೂಕ್ತ ಪರಿಹಾರವಾಗಿದೆ.

4. ಹಳೆಯ ಬಣ್ಣದಲ್ಲಿರುವ ಸೀಸದ ಬಗ್ಗೆ ಎಚ್ಚರಿಕೆ

ಬಣ್ಣ ಕೆರೆಯುವ ಮುನ್ನ ಅದು ಎಷ್ಟು ಹಳೆಯದೆಂದು ತಿಳಿದುಕೊಳ್ಳುವುದು ಅತ್ಯಗತ್ಯ. ಕೇಂದ್ರ ಸರ್ಕಾರವು 2016ರಲ್ಲಿ ಹೊರಡಿಸಿದ ನಿಯಮಗಳಂತೆ, ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಅಂಶವು ದಶಲಕ್ಷದಲ್ಲಿ 90 ಭಾಗಗಳನ್ನು ಮೀರುವಂತಿಲ್ಲ. ಈ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಯಲ್ಲಿವೆ. ಅದಕ್ಕಿಂತ ಹಿಂದೆ ಬಳಿದ ಬಣ್ಣಗಳಲ್ಲಿ, ಅದರಲ್ಲೂ ಬಾಗಿಲು, ಕಿಟಕಿ ಹಾಗೂ ಗೋಡೆಯ ಕೆಳಭಾಗಕ್ಕೆ ಬಳಿದ ಎನಾಮಲ್ ಬಣ್ಣಗಳಲ್ಲಿ, ಹೆಚ್ಚಿನ ಪ್ರಮಾಣದ ಸೀಸವಿರುವ ಸಾಧ್ಯತೆ ಇರುತ್ತದೆ.

ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಕಾರಕವಾಗಿದ್ದು, ಇಷ್ಟು ಪ್ರಮಾಣದವರೆಗೆ ಸುರಕ್ಷಿತ ಎಂಬ ಮಿತಿ ಇರುವುದಿಲ್ಲ. ಗರ್ಭಿಣಿಯರ ದೇಹ ಸೇರಿದ ಸೀಸವು ಗರ್ಭಸ್ಥ ಶಿಶುವನ್ನೂ ತಲುಪುತ್ತದೆ. ಆದ್ದರಿಂದ ಈ ಕೆಳಕಂಡ ಕ್ರಮಗಳನ್ನು ತಪ್ಪದೆ ಪಾಲಿಸತಕ್ಕದ್ದು.

- ಹಳೆಯ ಬಣ್ಣವನ್ನು ಒಣಗಿರುವಾಗ ಉಜ್ಜಬಾರದು. ನೀರು ಚಿಮುಕಿಸಿ ಒದ್ದೆ ಮಾಡಿಕೊಂಡೇ ಕೆರೆಯಬೇಕು.
- ಬೆಂಕಿಯ ಜ್ವಾಲೆಯಿಂದ ಬಣ್ಣವನ್ನು ಸುಡಬಾರದು.
- ಕೆಲಸ ಮುಗಿದು ಶುಚಿಗೊಳಿಸುವವರೆಗೆ ಮಕ್ಕಳು ಹಾಗೂ ಗರ್ಭಿಣಿಯರು ಆ ಕಡೆ ಬರದಂತೆ ನೋಡಿಕೊಳ್ಳಬೇಕು.
- ಕೆಲಸಗಾರರು ಮೂಗು ಬಾಯಿಗೆ ಬಿಗಿಯಾಗಿ ಕೂರುವ ಎನ್95 ಮಾದರಿಯ ಮುಖಗವಸು ಧರಿಸಬೇಕು. ಊಟಕ್ಕೆ ಮುನ್ನ ಕೈ ಹಾಗೂ ಮುಖವನ್ನು ಸೋಪಿನಿಂದ ತೊಳೆದುಕೊಳ್ಳಬೇಕು.
- ಬಿದ್ದ ಚಕ್ಕೆಗಳನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಚೀಲದಲ್ಲಿ ಕಟ್ಟಿ, ಖಾಲಿ ಬಣ್ಣದ ಡಬ್ಬಿಗಳೊಂದಿಗೆ ಪ್ರತ್ಯೇಕವಾಗಿ ಸ್ಥಳೀಯ ಸಂಸ್ಥೆಯ ಕಸ ಸಂಗ್ರಹಣೆಯವರಿಗೆ ನೀಡಬೇಕು. ಚರಂಡಿಗೆ ಅಥವಾ ಹಿತ್ತಲ ಗಿಡಗಳ ಬುಡಕ್ಕೆ ಹಾಕಬಾರದು.

5. ಕೆಲಸಕ್ಕೆ ಮುನ್ನ ವಹಿಸಬೇಕಾದ ಇತರೆ ಮುನ್ನೆಚ್ಚರಿಕೆ

ಅ) ಗೀಸರ್ ಹಾಗೂ ಸ್ನಾನಗೃಹದ ವಿದ್ಯುತ್ ಸಂಪರ್ಕವನ್ನು ಮುಖ್ಯ ಸ್ವಿಚ್ಚಿನಲ್ಲಿಯೇ ನಿಲ್ಲಿಸಬೇಕು. ಒದ್ದೆ ಗೋಡೆ ಅಥವಾ ನಲ್ಲಿ ಮುಟ್ಟಿದಾಗ ಸ್ವಲ್ಪವೇ ಆದರೂ ವಿದ್ಯುತ್ ತಗುಲಿದ ಅನುಭವವಾದಲ್ಲಿ ಕೆಲಸ ನಿಲ್ಲಿಸಿ, ಪರವಾನಗಿ ಹೊಂದಿದ ವಿದ್ಯುತ್ ಕೆಲಸಗಾರರಿಂದ ತಪಾಸಣೆ ಮಾಡಿಸತಕ್ಕದ್ದು.

ಆ) ಬೂಷ್ಟನ್ನು ತೊಳೆಯಲು ಒಂದು ಭಾಗ ಬ್ಲೀಚ್ ದ್ರಾವಣಕ್ಕೆ ನಾಲ್ಕು ಭಾಗ ನೀರು ಬೆರೆಸಿ ಹಚ್ಚಿ, ಸುಮಾರು 15 ನಿಮಿಷಗಳ ನಂತರ ಶುದ್ಧ ನೀರಿನಿಂದ ತೊಳೆಯಬೇಕು. ಕೈಗವಸು ಧರಿಸಿ, ಕಿಟಕಿ ತೆರೆದಿಡಬೇಕು. ಬ್ಲೀಚನ್ನು ಆಸಿಡ್ ಅಥವಾ ಶೌಚಾಲಯ ಶುಚಿಗೊಳಿಸುವ ದ್ರಾವಣದೊಂದಿಗೆ ಯಾವ ಕಾರಣಕ್ಕೂ ಬೆರೆಸಬಾರದು. ಇವೆರಡೂ ಸೇರಿದಲ್ಲಿ ವಿಷಕಾರಿ ಕ್ಲೋರಿನ್ ಅನಿಲ ಉತ್ಪತ್ತಿಯಾಗಿ, ಚಿಕ್ಕ ಕೋಣೆಯಲ್ಲಿ ಪ್ರಾಣಾಪಾಯ ಸಂಭವಿಸಬಹುದು.

ಇ) ಕಾಲದ ಆಯ್ಕೆ: ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿ ಈ ಕೆಲಸಕ್ಕೆ ಉತ್ತಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಹಾಗೂ ಮಲೆನಾಡಿನಲ್ಲಿ ಗೋಡೆ ಒಣಗುವುದು ಕಷ್ಟ. ದಕ್ಷಿಣ ಒಳನಾಡಿನಲ್ಲಿ ಅಕ್ಟೋಬರ್, ನವೆಂಬರ್ ತಿಂಗಳ ಹಿಂಗಾರು ಮಳೆಯನ್ನೂ ಗಮನದಲ್ಲಿಡಬೇಕು. ಮಳೆಗಾಲದಲ್ಲಿ ಸೋರಿಕೆ ಕಂಡುಬಂದಲ್ಲಿ ಸೋರಿಕೆಯನ್ನು ಕೂಡಲೇ ಸರಿಪಡಿಸಿ, ಬಣ್ಣದ ಕೆಲಸವನ್ನು ಮುಂದೂಡುವುದು ಸೂಕ್ತ.

6. ದುರಸ್ತಿಯ ಹಂತಗಳು

ಹಂತ 1 – ಕೆರೆಯುವುದು: ಸಡಿಲವಾದ ಬಣ್ಣವನ್ನು ಪಟ್ಟಿಯಿಂದ ಕೆರೆದು, ಗಟ್ಟಿಯಾಗಿ ಹಿಡಿದಿರುವ ಬಣ್ಣದ ಅಂಚು ಸಿಗುವವರೆಗೆ ತೆಗೆಯಬೇಕು. ಒದ್ದೆ ಬೆರಳಿನಿಂದ ಉಜ್ಜಿದಾಗ ಬಣ್ಣ ಕೈಗೆ ಹತ್ತಿದಲ್ಲಿ ಅದು ಸುಣ್ಣ ಅಥವಾ ಪುಡಿ ಡಿಸ್ಟೆಂಪರ್ ಆಗಿದ್ದು, ಅದನ್ನು ಪೂರ್ಣವಾಗಿ ತೆಗೆಯತಕ್ಕದ್ದು.

ಹಂತ 2 – ಗಿಲಾವಿನ ಪರೀಕ್ಷೆ: ಮರದ ಹಿಡಿಯಿಂದ ಗೋಡೆಯನ್ನು ಮೆಲ್ಲಗೆ ತಟ್ಟಬೇಕು. ಟೊಳ್ಳು ಶಬ್ದ ಬಂದಲ್ಲಿ ಗಿಲಾವು ಇಟ್ಟಿಗೆಯಿಂದ ಬಿಟ್ಟಿರುತ್ತದೆ. ಆ ಭಾಗವನ್ನು ಒಡೆದು ತೆಗೆದು, ಒಂದು ಭಾಗ ಸಿಮೆಂಟಿಗೆ ನಾಲ್ಕು ಭಾಗ ಮರಳಿನ ಗಾರೆಯಿಂದ ಸುಮಾರು 12 ಮಿ.ಮೀ. ದಪ್ಪಕ್ಕೆ ಹೊಸ ಗಿಲಾವು ಮಾಡಿಸಿ, ಕನಿಷ್ಠ 7 ದಿನ ನೀರುಣಿಸಬೇಕು. ಹೊಸ ಗಿಲಾವಿನ ಮೇಲೆ ಬಣ್ಣ ಬಳಿಯಲು 28 ದಿನಗಳಾದರೂ ಕಾಯುವುದು ಒಳ್ಳೆಯದು.

ಹಂತ 3 – ಲವಣ ತೆಗೆಯುವುದು: ಬಿಳಿ ಪುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ನೀರಿನಿಂದ ತೊಳೆದಲ್ಲಿ ಲವಣ ಕರಗಿ ಮತ್ತೆ ಗೋಡೆಯೊಳಗೆ ಸೇರುತ್ತದೆ. ಕೆಲವು ದಿನಗಳ ನಂತರ ಮತ್ತೆ ಕಾಣಿಸಿದಲ್ಲಿ ಪುನಃ ಉಜ್ಜಬೇಕು. ಪುಡಿ ಬರುವುದು ನಿಲ್ಲದಿದ್ದಲ್ಲಿ ನೀರಿನ ಮೂಲ ಇನ್ನೂ ಮುಚ್ಚಿಲ್ಲ ಎಂದರ್ಥ.

ಹಂತ 4 – ಒಣಗಿಸುವುದು: ಕಿಟಕಿ ತೆರೆದು, ಸಾಧ್ಯವಿದ್ದಲ್ಲಿ ಫ್ಯಾನ್ ಇಟ್ಟು ಗೋಡೆಯನ್ನು ಒಣಗಿಸಬೇಕು. ಸೋರಿಕೆಯಿಂದ ನೆನೆದ ಗೋಡೆ ಒಣಗಲು ವಾರಗಳೇ ಬೇಕಾಗಬಹುದು. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಒಳಬದಿ ಒಣಗಿರುವುದು ಖಚಿತವಾದ ಮೇಲೆಯೇ ಮುಂದುವರಿಯತಕ್ಕದ್ದು.

ಹಂತ 5 – ಬಿರುಕು ತುಂಬುವುದು: ಬಿರುಕಿನ ಬಾಯನ್ನು ಮೊನೆಯುಳ್ಳ ಪಟ್ಟಿಯಿಂದ ಸುಮಾರು 5 ಮಿ.ಮೀ. ಅಗಲಿಸಿ, ಧೂಳು ತೆಗೆದು, ಬಿರುಕು ತುಂಬಲೆಂದೇ ದೊರೆಯುವ ಪಾಲಿಮರ್ ಮಿಶ್ರಿತ ಮಸಾಲೆಯನ್ನು ಒತ್ತಿ ತುಂಬಬೇಕು. ಕೊಳವೆ ಹಾಯಿಸಿದ ಜಾಗ ಹಾಗೂ ತೊಲೆ ಸೇರುವ ಜಾಗಗಳಲ್ಲಿ ನಾರಿನ ಜಾಲರಿ ಪಟ್ಟಿಯನ್ನು ಸೇರಿಸಿದಲ್ಲಿ ಬಿರುಕು ಮರುಕಳಿಸುವುದು ಕಡಿಮೆಯಾಗುತ್ತದೆ.

ಹಂತ 6 – ಪುಟ್ಟಿ: ಸ್ನಾನಗೃಹಕ್ಕೆ ಬಿಳಿ ಸಿಮೆಂಟ್ ಆಧಾರಿತ ಪುಟ್ಟಿಯನ್ನೇ ಬಳಸಬೇಕು. ಸೀಮೆಸುಣ್ಣದ ಪುಡಿಯ ಪುಟ್ಟಿ ಹಾಗೂ ಪ್ಲಾಸ್ಟರ್ ಆಫ್ ಪ್ಯಾರಿಸ್ ತೇವವನ್ನು ತಾಳುವುದಿಲ್ಲ. ತೆಳುವಾಗಿ ಎರಡು ಲೇಪ ಹಾಕಬೇಕು. ಒಟ್ಟು ದಪ್ಪ 1.5 ಮಿ.ಮೀ. ಮೀರಬಾರದು. ಒಣಗಿದ ನಂತರ ಉಜ್ಜುಕಾಗದದಿಂದ ನಯಗೊಳಿಸಿ ಧೂಳನ್ನು ಒರೆಸಬೇಕು.

ಹಂತ 7 – ಪ್ರೈಮರ್ ಮತ್ತು ಬಣ್ಣ: ಗಾರೆಯ ಕ್ಷಾರವನ್ನು ತಡೆಯುವ, ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಪ್ರೈಮರ್ ಒಂದು ಲೇಪ ಹಾಗೂ ತೊಳೆಯಬಹುದಾದ, ಬೂಷ್ಟು ನಿರೋಧಕ ಎಮಲ್ಶನ್ ಬಣ್ಣ ಎರಡು ಲೇಪ ಹಾಕಬೇಕು. ಡಬ್ಬಿಯ ಮೇಲೆ ಸೂಚಿಸಿದ ಪ್ರಮಾಣಕ್ಕಿಂತ ಹೆಚ್ಚು ನೀರು ಬೆರೆಸಿದ ಬಣ್ಣ ಬೇಗನೆ ಪುಡಿಯಾಗುತ್ತದೆ. ಲೇಪಗಳ ನಡುವೆ ಡಬ್ಬಿಯಲ್ಲಿ ಸೂಚಿಸಿದಷ್ಟು ಸಮಯ, ಸಾಮಾನ್ಯವಾಗಿ 4ರಿಂದ 6 ಗಂಟೆ, ಬಿಡಬೇಕು. ಕೊನೆಯ ಲೇಪದ ನಂತರ ಕನಿಷ್ಠ ಎರಡು ದಿನ ಆ ಸ್ನಾನಗೃಹದಲ್ಲಿ ಬಿಸಿನೀರಿನ ಸ್ನಾನ ಮಾಡಬಾರದು.

7. ಬೇಕಾಗುವ ಬಣ್ಣದ ಪ್ರಮಾಣ

ಉದಾಹರಣೆಗೆ, 8 ಅಡಿ ಉದ್ದ, 5 ಅಡಿ ಅಗಲ, 10 ಅಡಿ ಎತ್ತರದ ಸ್ನಾನಗೃಹದಲ್ಲಿ 7 ಅಡಿಯವರೆಗೆ ಟೈಲ್ಸ್ ಇದ್ದಲ್ಲಿ, ಬಣ್ಣ ಬಳಿಯಬೇಕಾದ ಗೋಡೆಯ ಎತ್ತರ 3 ಅಡಿ. ನಾಲ್ಕು ಗೋಡೆಗಳ ಸುತ್ತಳತೆ 26 ಅಡಿಯಾಗಿದ್ದು, ಗೋಡೆಯ ವಿಸ್ತೀರ್ಣ 78 ಚದರ ಅಡಿ, ಛಾವಣಿಯದು 40 ಚದರ ಅಡಿ, ಒಟ್ಟು 118 ಚದರ ಅಡಿ ಆಗುತ್ತದೆ. ಡಬ್ಬಿಯ ಮೇಲೆ ಎರಡು ಲೇಪಕ್ಕೆ ಲೀಟರಿಗೆ 60 ಚದರ ಅಡಿ ಎಂದು ನಮೂದಿಸಿದ್ದಲ್ಲಿ 2 ಲೀಟರ್ ಬಣ್ಣ ಸಾಕಾಗುತ್ತದೆ. ಈ ಲೆಕ್ಕವನ್ನು ಮೊದಲೇ ಮಾಡಿಕೊಂಡಲ್ಲಿ ಅನಗತ್ಯ ಖರೀದಿಯನ್ನು ತಪ್ಪಿಸಬಹುದು. ಖರೀದಿಯ ರಸೀದಿ ಪಡೆದು ಇಟ್ಟುಕೊಳ್ಳಬೇಕು.

8. ಮಣ್ಣಿನ ಅಥವಾ ಸುಣ್ಣದ ಗಾರೆಯ ಹಳೆಯ ಮನೆಗಳು

ಹಂಡೆ ಒಲೆಯಿರುವ ಹಳೆಯ ಬಚ್ಚಲುಮನೆಗಳ ಗೋಡೆಗಳು ಬಹಳಷ್ಟು ಕಡೆ ಮಣ್ಣು ಅಥವಾ ಸುಣ್ಣದ ಗಾರೆಯವು. ಇವು ತೇವವನ್ನು ಹೀರಿ ನಿಧಾನವಾಗಿ ಹೊರಬಿಡುತ್ತವೆ. ಇಂತಹ ಗೋಡೆಗೆ ಸಿಮೆಂಟ್ ಗಿಲಾವು ಅಥವಾ ಎನಾಮಲ್ ಬಣ್ಣ ಹಾಕಿದಲ್ಲಿ ತೇವ ಒಳಗೇ ಸಿಲುಕಿ ಗೋಡೆ ದುರ್ಬಲವಾಗುತ್ತದೆ. ಇಲ್ಲಿ ಸುಣ್ಣದ ಗಾರೆಯಿಂದ ದುರಸ್ತಿ ಮಾಡಿ, ಮಸಿಯನ್ನು ಉಜ್ಜಿ ತೆಗೆದು, ಚೆನ್ನಾಗಿ ಅರಳಿಸಿ ಸೋಸಿದ ಸುಣ್ಣವನ್ನು ಗೋಂದು ಬೆರೆಸಿ ಬಳಿಯುವುದೇ ಉತ್ತಮ. ಸುಣ್ಣವು ಕಣ್ಣಿಗೆ ಬಿದ್ದಲ್ಲಿ ಧಾರಾಳವಾಗಿ ನೀರಿನಿಂದ ತೊಳೆದು, ಕೂಡಲೇ ವೈದ್ಯರನ್ನು ಕಾಣತಕ್ಕದ್ದು.

9. ದುರಸ್ತಿಗಾಗಿ ಯಾರಿಗೆ ಅರ್ಜಿ ಸಲ್ಲಿಸಬೇಕು

ಅ) ಸರ್ಕಾರಿ ವಸತಿಗೃಹದ ನಿವಾಸಿಗಳು: ವಸತಿಗೃಹದ ನಿರ್ವಹಣೆಯ ಹೊಣೆ ಹೊತ್ತಿರುವ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಅರ್ಜಿಯಲ್ಲಿ "ಬಣ್ಣ ಬಳಿಸಿಕೊಡಿ" ಎಂದು ಮಾತ್ರ ಬರೆದಲ್ಲಿ ಬಣ್ಣದ ಕೆಲಸವಷ್ಟೇ ಮಂಜೂರಾಗಿ ಸೋರಿಕೆ ಹಾಗೆಯೇ ಉಳಿಯಬಹುದು. ಆದುದರಿಂದ "ಸ್ನಾನಗೃಹದ ಉತ್ತರ ಗೋಡೆಯಲ್ಲಿ ಸೋರಿಕೆ ಇದ್ದು, ಅದರಿಂದ ಬಣ್ಣ ಹಾಗೂ ಗಿಲಾವು ಉದುರುತ್ತಿದೆ, ಸೋರಿಕೆಯನ್ನು ಸರಿಪಡಿಸಿ ನಂತರ ಬಣ್ಣ ಬಳಿಸಿಕೊಡಲು ಕೋರುತ್ತೇನೆ" ಎಂದು ಸ್ಪಷ್ಟವಾಗಿ ನಮೂದಿಸಬೇಕು. ವಸತಿಗೃಹದ ಸಂಖ್ಯೆ, ಮೊದಲು ಕಂಡುಬಂದ ದಿನಾಂಕ, ಮಾಡಿದ ಪರೀಕ್ಷೆಯ ಫಲಿತಾಂಶ ಹಾಗೂ ಭಾವಚಿತ್ರಗಳನ್ನು ಲಗತ್ತಿಸಬೇಕು.

ಆ) ಹೊಸ ಫ್ಲ್ಯಾಟಿನ ಖರೀದಿದಾರರು: ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಅಧಿನಿಯಮ, 2016ರ ಪ್ರಕರಣ 14(3)ರಂತೆ, ಸ್ವಾಧೀನ ನೀಡಿದ ದಿನಾಂಕದಿಂದ 5 ವರ್ಷಗಳೊಳಗೆ ರಚನೆ, ಕಾಮಗಾರಿ ಅಥವಾ ಗುಣಮಟ್ಟದಲ್ಲಿ ದೋಷವಿದೆ ಎಂದು ತಿಳಿಸಿದಲ್ಲಿ, ನಿರ್ಮಾಣದಾರರು ಹೆಚ್ಚಿನ ಹಣ ಪಡೆಯದೆ 30 ದಿನಗಳೊಳಗೆ ಸರಿಪಡಿಸಬೇಕು. ಸರಿಪಡಿಸದಿದ್ದಲ್ಲಿ ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದಾಗಿದೆ. ಆದ್ದರಿಂದ ಸ್ವಂತ ಖರ್ಚಿನಲ್ಲಿ ಬಣ್ಣ ಬಳಿಸಿ ತೇವದ ಗುರುತನ್ನು ಮುಚ್ಚುವ ಮುನ್ನ ಲಿಖಿತವಾಗಿ ತಿಳಿಸುವುದು ಅಗತ್ಯ.

ಇ) ಬಾಡಿಗೆದಾರರು: ಕರಾರು ಪತ್ರದಲ್ಲಿ ದುರಸ್ತಿಯ ಹೊಣೆ ಯಾರದೆಂಬುದನ್ನು ಮೊದಲು ನೋಡಬೇಕು. ಮಾಲೀಕರು ಮಾಡಿಸಬೇಕಾದ ದುರಸ್ತಿಯನ್ನು ನೋಟೀಸು ನೀಡಿದ ನಂತರವೂ ಯುಕ್ತ ಸಮಯದೊಳಗೆ ಮಾಡಿಸದಿದ್ದಲ್ಲಿ, ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆಯಲು ಸ್ವತ್ತು ವರ್ಗಾವಣೆ ಅಧಿನಿಯಮ, 1882ರ ಪ್ರಕರಣ 108 ಅವಕಾಶ ನೀಡುತ್ತದೆ. ನೋಟೀಸಿನ ಪ್ರತಿ ಹಾಗೂ ರಸೀದಿಗಳನ್ನು ಕಾಯ್ದಿರಿಸಬೇಕು.

ಈ) ಮೇಲಿನ ಮನೆಯಿಂದ ಸೋರಿಕೆ: ಮೊದಲು ಮೇಲಿನ ಮನೆಯವರೊಂದಿಗೆ ಸೇರಿ ನೀರು ನಿಲ್ಲಿಸುವ ಪರೀಕ್ಷೆಯನ್ನು ಇಬ್ಬರ ಸಮಕ್ಷಮದಲ್ಲಿ ಮಾಡಿ, ಫಲಿತಾಂಶವನ್ನು ಬರೆದಿಟ್ಟುಕೊಳ್ಳಬೇಕು. ಬಗೆಹರಿಯದಿದ್ದಲ್ಲಿ ಮಾಲೀಕರ ಸಂಘಕ್ಕೆ ಲಿಖಿತ ದೂರು ನೀಡಬೇಕು.

ಉ) ಬಣ್ಣ ಅಥವಾ ಜಲನಿರೋಧಕ ಕೆಲಸದಲ್ಲಿ ಲೋಪ: ಹಣ ಪಡೆದು ಖಾತರಿ ನೀಡಿದ ಕೆಲಸ ವಿಫಲವಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅಥವಾ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಜಲನಿರೋಧಕ ಬಣ್ಣವನ್ನು ಒಳಗೋಡೆಗೆ ಬಳಿದರೆ ಸೋರಿಕೆ ನಿಲ್ಲುವುದಿಲ್ಲವೇ?
ಉತ್ತರ: ಇಲ್ಲ. ನೀರು ಗೋಡೆಯ ಹಿಂಬದಿಯಿಂದ ಬರುತ್ತಿರುವಾಗ ಒಳಗಿನ ಬಣ್ಣವನ್ನು ಅದು ಹೊರಕ್ಕೆ ತಳ್ಳುತ್ತದೆ, ಇಲ್ಲವೆ ಪಕ್ಕದ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ನೀರು ಒಳಬರುವ ಕಡೆಯಲ್ಲಿಯೇ ತಡೆಯಬೇಕು.

ಪ್ರಶ್ನೆ: ಉದುರಿದ ಭಾಗಕ್ಕೆ ಮಾತ್ರ ಬಣ್ಣ ಬಳಿದರೆ ಸಾಕೇ?
ಉತ್ತರ: ಕೆಟ್ಟ ಭಾಗವನ್ನು ಮಾತ್ರ ದುರಸ್ತಿ ಮಾಡಬಹುದು. ಆದರೆ ಕೊನೆಯ ಲೇಪವನ್ನು ಆ ಗೋಡೆಯ ಮೂಲೆಯಿಂದ ಮೂಲೆಯವರೆಗೆ ಬಳಿದಲ್ಲಿ ತೇಪೆ ಎದ್ದು ಕಾಣುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಒಂದೇ ಸ್ನಾನಗೃಹವಿದ್ದಲ್ಲಿ ಏನು ಮಾಡುವುದು?
ಉತ್ತರ: ಗೋಡೆ ಒಣಗುವವರೆಗೆ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರನ್ನು ಬಕೆಟ್‌ನಲ್ಲಿ ಬಳಸಿ, ಗೋಡೆಗೆ ನೀರು ತಾಗದಂತೆ ಸ್ನಾನ ಮಾಡಬಹುದು. ಬಣ್ಣ ಬಳಿಯುವ ದಿನ ಹಾಗೂ ಆನಂತರದ ಎರಡು ದಿನಗಳಿಗೆ ಮಾತ್ರ ಬದಲಿ ವ್ಯವಸ್ಥೆ ಮಾಡಿಕೊಂಡರೆ ಸಾಕು.

ಸಾರ್ವಜನಿಕರು ಮೇಲ್ಕಂಡ ಕ್ರಮಗಳನ್ನು ಅನುಸರಿಸಿ, ನೀರಿನ ಮೂಲವನ್ನು ಸರಿಪಡಿಸಿದ ನಂತರವೇ ಬಣ್ಣದ ಕೆಲಸವನ್ನು ಕೈಗೊಳ್ಳಬೇಕೆಂದೂ, ಹಳೆಯ ಬಣ್ಣ ಕೆರೆಯುವಾಗ ಮಕ್ಕಳ ಆರೋಗ್ಯದ ಬಗ್ಗೆ ವಿಶೇಷ ಎಚ್ಚರ ವಹಿಸಬೇಕೆಂದೂ ಕೋರಲಾಗಿದೆ.